ಗಿಳಿಗೆ ಮಡಿ ಕಲಿಸಿದವರು

ಬೇಯಿಸಿದ ಕೋಳಿಯ ಮೂಳೆಯನ್ನು ಸಾಕಿದ ಗಿಳಿಗೆ ಕೊಡಬಹುದೇ ಎಂದು ಕೇಳಿದರೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹೆಚ್ಚಿನ ಮನೆಗಳಲ್ಲಿ ಮುಖ ಸಿಂಡರಿಸುತ್ತಾರೆ. ಯುಗಾದಿಯ ಮರುದಿನ ವರ್ಷತೊಡಕಿಗೆ ನಾಟಿಕೋಳಿ ಸಾರು, ಮುದ್ದೆ ಮಾಡಿ ಬಂಧುಬಳಗಕ್ಕೆಲ್ಲ ಬಡಿಸುವ ಮನೆಗಳೂ ಇದಕ್ಕೆ ಹೊರತಲ್ಲ. ಆ ದಿನ ನಾಯಿಗೆ ಮೂಳೆ ಬೀಳುತ್ತದೆ, ಬೆಕ್ಕಿಗೆ ಚರ್ಮದ ಚೂರು ಸಿಗುತ್ತದೆ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಬಾಡಿನ ಎಡೆ ಇಟ್ಟವರು ಕಾಗೆ ಬಂದು ಅದನ್ನು ಮುಟ್ಟಲಿ ಎಂದು ಕಾದು ನಿಲ್ಲುತ್ತಾರೆ. ಪಂಜರದ ಗಿಣಿರಾಮನಿಗೆ ಮಾತ್ರ ಆ ದಿನವೂ ಹಾಲು ಅನ್ನ, ಬಾಳೆಹಣ್ಣು, ಹಸಿಮೆಣಸಿನಕಾಯಿ. ಮನೆಮಂದಿಯೆಲ್ಲ ಬಾಡೂಟ ಮಾಡುವಾಗ ಗಿಳಿಯೊಂದೇ ಸಸ್ಯಾಹಾರಿಯಾಗಿ ಉಳಿದದ್ದು ಹೇಗೆ? ಅದು ಹಕ್ಕಿಯ ಹೊಟ್ಟೆಯಿಂದ ಬಂದ ನಿಯಮ ಎಂದು ನಾವು ನಂಬಿದ್ದೇವೆ. ನನ್ನ ವಾದ ಬೇರೆ. ಅದು ಬಂದದ್ದು ಹಕ್ಕಿಯ ನಾಲಗೆಯಿಂದ. ಗಿಳಿ ಮಾತಾಡುತ್ತದೆ, ಆದ್ದರಿಂದ ಅದನ್ನು ಮನುಷ್ಯರ ಪಂಕ್ತಿಗೆ ಸೇರಿಸಿದೆವು. ಮನುಷ್ಯರಲ್ಲೂ ಮಡಿ ಹಿಡಿದವರ ಸಾಲಿನಲ್ಲಿ ಕೂರಿಸಿದೆವು. ಹಾಲು ಶ್ರೇಷ್ಠ, ಮಾಂಸ ನಿಷಿದ್ಧ ಎಂಬ ನಮ್ಮ ಎಣಿಕೆಯನ್ನೇ ಅದರ ಬಟ್ಟಲಿಗೂ ಸುರಿದೆವು. ಹಕ್ಕಿಯ ಕರುಳನ್ನು ಕೇಳಿದ್ದರೆ ಅದು ಈ ಎಣಿಕೆಯನ್ನು ತಲೆಕೆಳಗು ಮಾಡುತ್ತಿತ್ತು.

ಇದಕ್ಕೆ ಪುರಾವೆ ಹುಡುಕುವುದು ಸುಲಭದ ಕೆಲಸವಲ್ಲ. ರಾಜ್ಯಕ್ಕೆ ಬೇಕಾದ ಪ್ರಾಣಿಗಳಿಗೆ ಇಲ್ಲಿ ಇಲಾಖೆಗಳೇ ಇದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ಕಾವಲುಗಳು ತುಮಕೂರು ಸೀಮೆಯಲ್ಲೂ ಹರಡಿದ್ದವು. ಟಿಪ್ಪುವಿನ ಹೆಸರಿನೊಂದಿಗೇ ಬೆಸೆದುಕೊಂಡಿರುವ ಕುಣಿಗಲ್ಲಿನ ಕುದುರೆ ಫಾರಂ ನಮ್ಮ ಕಾಲದವರೆಗೂ ಉಳಿದು ಬಂತು. ಎತ್ತು ಫಿರಂಗಿ ಎಳೆಯಬೇಕು, ಕುದುರೆ ಸವಾರನನ್ನು ಹೊರಬೇಕು. ಹಾಗಾಗಿ ಅವು ಏನು ತಿನ್ನಬೇಕೆಂಬುದು ಸರ್ಕಾರದ ಚಿಂತೆಯಾಯಿತು. ಗಿಳಿ ಹೆಂಗಸರ, ಮಕ್ಕಳ, ಬೀದಿಯಲ್ಲಿ ಶಾಸ್ತ್ರ ಹೇಳುವವರ ಹಕ್ಕಿ. ಅದಕ್ಕೆ ಇಷ್ಟು ಪಡಿ ಎಂದು ಬರೆದಿಟ್ಟ ದಫ್ತರ ಇರುವುದಾದರೂ ಎಲ್ಲಿ? ಅದರ ಊಟದ ಚರಿತ್ರೆಯನ್ನು ಕಾವ್ಯ, ಶಿಲ್ಪ, ಸ್ಥಳಪುರಾಣ ಮತ್ತು ಹೊಲದ ಬೆಳೆಗಳಿಂದಲೇ ಕೂಡಿಸಿಕೊಳ್ಳಬೇಕು.

ಮಾತಿನಿಂದಲೇ ಗಿಳಿಗೆ ಮರ್ಯಾದೆ ಬಂತು ಎಂಬುದಕ್ಕೆ ಹೊರಗಿನವರ ಸಾಕ್ಷಿ ತುಂಬ ಹಳೆಯದು. ಕ್ರಿಸ್ತಪೂರ್ವ 5ನೇ ಶತಮಾನದ ಕೊನೆಯಲ್ಲಿ ಪರ್ಷಿಯಾದ ಆಸ್ಥಾನದಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಕ್ಟೇಸಿಯಸ್, ಭಾರತದ ಹಕ್ಕಿಯೊಂದು ಭಾರತೀಯರ ಭಾಷೆಯನ್ನೇ ಆಡುತ್ತದೆ ಎಂದು ಬೆರಗಾಗಿ ಬರೆದ. ಅವನಿಗಿಂತ ಆರೇಳು ಶತಮಾನ ಈಚಿನ ರೋಮಿನ ಈಲಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಭಾರತದಲ್ಲಿ ಗಿಳಿಗಳು ಹೇರಳವಾಗಿದ್ದರೂ ಯಾರೂ ಅವನ್ನು ತಿನ್ನುವುದಿಲ್ಲ, ಮನುಷ್ಯರ ಮಾತನ್ನು ಅನುಕರಿಸುವುದರಿಂದ ಬ್ರಾಹ್ಮಣರಿಗೆ ಅವು ಪವಿತ್ರ ಎನ್ನುತ್ತಾನೆ. ಯಾರೂ ತಿನ್ನುವುದಿಲ್ಲ ಎಂಬುದು ದೂರದಲ್ಲಿ ಕುಳಿತವನ ಉತ್ಪ್ರೇಕ್ಷೆ. ಸಂಸ್ಕೃತ ಕವಿ ಬಾಣನ ‘ಕಾದಂಬರಿ’ ಕಾವ್ಯದಲ್ಲಿ ಮುದಿ ಬೇಡನೊಬ್ಬ ಬೂರುಗದ ಮರ ಹತ್ತಿ ಪೊಟರೆಗೆ ಕೈಹಾಕಿ ಮರಿಗಿಳಿಗಳ ಕತ್ತು ಹಿಸುಕಿ ಕೆಳಗೆಸೆಯುವ ದೃಶ್ಯ ಬರುವುದೇ ಅವನಿಗೆ ಬೇರೆ ಮಾಂಸ ಸಿಗದಿದ್ದ ಕಾರಣಕ್ಕೆ. ಆದರೆ ಮಾತಿಗೂ ಪಾವಿತ್ರ್ಯಕ್ಕೂ ಗಂಟು ಬಿದ್ದದ್ದನ್ನು ಈಲಿಯನ್ ಸರಿಯಾಗಿಯೇ ಹಿಡಿದಿದ್ದಾನೆ.

ಅದೇ ಕಾದಂಬರಿಯ ಕೊನೆಯ ಭಾಗದಲ್ಲಿ, ಬಾಣನ ಮಗ ಬರೆದು ಮುಗಿಸಿದ ಭಾಗದಲ್ಲಿ, ನಮ್ಮ ಪ್ರಶ್ನೆಯೇ ಕಥೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ವೈಶಂಪಾಯನ ಎಂಬ ಗಿಳಿ ಚಂಡಾಲ ಕನ್ಯೆಯ ಕೈಗೆ ಸಿಕ್ಕಿ ಪಂಜರ ಸೇರುತ್ತದೆ. ಅವಳು ಹಣ್ಣು, ನೀರು ತಂದಿಟ್ಟರೂ ಮುಟ್ಟದೆ ಮೌನ ಹಿಡಿದು ಕೂರುತ್ತದೆ. ಆಗ ಅವಳು ಹೂಡುವ ವಾದ ಸೊಗಸಾದದ್ದು. ಹಸಿದ ಹಕ್ಕಿಪಕ್ಷಿಗಳಿಗೆ ಇದು ತಿನ್ನತಕ್ಕದ್ದು, ಇದು ತಿನ್ನಬಾರದ್ದು ಎಂಬ ಎಣಿಕೆ ಎಲ್ಲಿಯದು, ಹಕ್ಕಿಯ ಜನ್ಮದಲ್ಲಿದ್ದು ನಿನಗೇಕೆ ಇದು ಎಂದು ಕೇಳುತ್ತಾಳೆ. ಗಿಳಿಯ ಹಟಕ್ಕೆ ಕಾರಣ ಅದರ ಹಿಂದಿನ ಜನ್ಮದ ನೆನಪು. ಅದು ಋಷಿಕುಮಾರನಾಗಿದ್ದ ಜೀವ. ಅಂದರೆ ಆಹಾರದ ಮಡಿ ಹಕ್ಕಿಯದಲ್ಲ, ಅದರೊಳಗೆ ಕೂತ ಮನುಷ್ಯನದು. ಅದನ್ನು ಬಿಡಿಸಿ ಹೇಳುವವಳು ಚಂಡಾಲ ಕನ್ಯೆಯ ವೇಷದಲ್ಲಿರುವ ಅವನ ತಾಯಿ, ಸಾಕ್ಷಾತ್ ಲಕ್ಷ್ಮಿ. ಈ ಕಥೆಯನ್ನು ನಾಗವರ್ಮ ಸುಮಾರು ಸಾವಿರ ವರ್ಷದ ಹಿಂದೆಯೇ ಕನ್ನಡದ ಚಂಪುವಾಗಿಸಿದ. ಹಕ್ಕಿಯೊಳಗೆ ಮನುಷ್ಯನನ್ನು ಕಾಣುವ ಈ ನೋಟ ನಮ್ಮಲ್ಲಿ ಎಷ್ಟು ಆಳವಾಗಿತ್ತು ಎಂದರೆ, 1209ರ ಯಶೋಧರ ಚರಿತೆಯಲ್ಲಿ ಜನ್ನ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ತಾಯಿ ಮಗನನ್ನೂ ಪ್ರಾಣಿಪಕ್ಷಿಗಳ ಜನ್ಮಗಳಲ್ಲಿ ತೊಳಲಿಸುತ್ತಾನೆ.

ತುಮಕೂರಿನ ಸುತ್ತಮುತ್ತಲಿಗೂ ಈ ನೋಟ ಹೊಸದಲ್ಲ. ಗುಬ್ಬಿ ಊರಿನ ಸ್ಥಳಪುರಾಣದಲ್ಲಿ ದಿನವೂ ಶಿವಕಥೆ ಕೇಳಲು ಬರುತ್ತಿದ್ದ ಎರಡು ಗುಬ್ಬಿಗಳು ಪುರಾಣ ಮುಗಿದಾಗ ಅಲ್ಲೇ ಪ್ರಾಣ ಬಿಡುತ್ತವೆ. ಗೋಸಲ ಚನ್ನಬಸವೇಶ್ವರರ ಆ ಊರಿನಲ್ಲಿ ಅವಕ್ಕೂ ಭಕ್ತರ ಪದವಿ ಸಿಕ್ಕಿದೆ. ಕೇಳಿದ್ದಕ್ಕೇ ಗುಬ್ಬಿಗೆ ಇಷ್ಟು ಗೌರವವಾದರೆ, ಕೇಳಿದ್ದನ್ನು ತಿರುಗಿ ಹೇಳುವ ಗಿಳಿಗೆ ಎಷ್ಟಿರಬೇಡ! 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿಯ ಮದನಿಕೆಯರಲ್ಲಿ ಶುಕಭಾಷಿಣಿಯೂ ಒಬ್ಬಳು. ಅವಳ ಕೈಮೇಲಿನ ಗಿಳಿ ತಿನ್ನುತ್ತಿಲ್ಲ, ಅವಳ ಜೊತೆ ಮಾತಿನಲ್ಲಿದೆ. ಆ ಗುಡಿಯ ಕೆಲಸವನ್ನು ಜನರು ಯಾರ ಹೆಸರಿಗೆ ಬರೆದಿದ್ದಾರೋ ಆ ಜಕಣಾಚಾರಿಯ ಊರು ಎಂದು ಹೇಳುವುದು ತುಮಕೂರಿನ ಮಗ್ಗುಲಿನ ಕೈದಾಳವನ್ನೇ. ಇದೆಲ್ಲ ಅಂತಃಪುರದ ಗಿಳಿಯ ಮಾತಾಯಿತು. ಹಳಗನ್ನಡ ಕಾವ್ಯಗಳ ನಾಡವರ್ಣನೆಯಲ್ಲಿ ಇನ್ನೊಂದು ಗಿಳಿಯೂ ಇದೆ. ತೆನೆಗೆ ಎರಗುವ ಗಿಳಿಹಿಂಡನ್ನು ಓಡಿಸುತ್ತ ಗದ್ದೆ ಕಾಯುವ ಹೆಣ್ಣುಮಕ್ಕಳು ಕವಿಗಳಿಗೆಲ್ಲ ಅಚ್ಚುಮೆಚ್ಚು. ಒಂದೇ ಹಕ್ಕಿ ಹೊಲದಲ್ಲಿ ಕಳ್ಳ, ಮನೆಯಲ್ಲಿ ರಾಮ. ಹೊಲದ ಗಿಳಿಗೆ ಕವಣೆಕಲ್ಲು, ಮನೆಯ ಗಿಳಿಗೆ ಹಾಲು ಅನ್ನ. ನಡುವಿನ ವ್ಯತ್ಯಾಸ ಪಂಜರ ಮತ್ತು ನಾಲ್ಕು ಮಾತು, ಅಷ್ಟೇ.

ಗಿಳಿಯ ಬಟ್ಟಲಿಗೆ ಬೀಳುತ್ತಿದ್ದದ್ದು ಅನಾದಿಯಿಂದ ಬಂದ ಪಥ್ಯ ಎಂದು ಯಾರಾದರೂ ಹೇಳಿದರೆ ಮೆಣಸಿನಕಾಯಿಯೊಂದೇ ಸಾಕು ಆ ಮಾತನ್ನು ಸುಳ್ಳು ಮಾಡಲು. ಗಿಳಿ ಎಂದರೆ ಮೆಣಸಿನಕಾಯಿ ಎನ್ನುವಷ್ಟು ಅವೆರಡೂ ಈಗ ಜೋಡಿಯಾಗಿವೆ. ಆದರೆ ಮೆಣಸಿನಕಾಯಿ ಅಮೆರಿಕದ ಬೆಳೆ, ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಇಲ್ಲಿಗೆ ಬಂದದ್ದು. ಬೇಲೂರಿನ ಶುಕಭಾಷಿಣಿ ತನ್ನ ಗಿಳಿಗೆ ಅದನ್ನು ಕೊಟ್ಟಿರಲು ಸಾಧ್ಯವೇ ಇಲ್ಲ. ಸೀಬೆಹಣ್ಣೂ ಅಲ್ಲಿಂದಲೇ ಬಂತು, ಮುಸುಕಿನ ಜೋಳವೂ ಕಡಲೆಕಾಯಿಯೂ ಅಲ್ಲಿಂದಲೇ. ಇಂದು ಹಕ್ಕಿ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರುವ ಸೂರ್ಯಕಾಂತಿ ಬೀಜವಂತೂ ತೀರಾ ಈಚಿನದು. 1969ರಲ್ಲಿ ರಷ್ಯಾದ ತಳಿಗಳು ಬಂದ ಮೇಲೆ ಕರ್ನಾಟಕದ ಹೊಲಗಳಲ್ಲಿ ಅದರ ಹಳದಿ ಹಬ್ಬಿತು. 1800ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ತುಮಕೂರು, ಗುಬ್ಬಿಗಳನ್ನು ಹಾದುಹೋಗುವಾಗ ಗುಬ್ಬಿಯ ಸಂತೆಯ ವ್ಯಾಪಾರವನ್ನು ವಿವರವಾಗಿ ಬರೆದಿಟ್ಟ. ಅವನ ಬರಹದಲ್ಲಿ ಸೂರ್ಯಕಾಂತಿ ಹುಡುಕಿದರೆ ಸಿಗುವುದಿಲ್ಲ. ಭತ್ತ, ನವಣೆ, ಜೋಳ, ಮಾವು, ನೇರಳೆ, ಹಲಸು ತಿಂದುಕೊಂಡಿದ್ದ ಹಕ್ಕಿ, ಮನೆಯವರ ಹೊಲಕ್ಕೂ ಅಡುಗೆಮನೆಗೂ ಏನೇನು ಹೊಸದಾಗಿ ಬಂತೋ ಅದನ್ನೆಲ್ಲ ತಿನ್ನುತ್ತ ಬಂದಿದೆ. ಮೆಣಸಿನಕಾಯಿಯ ವಿಷಯದಲ್ಲಿ ಗಿಳಿಗೆ ಅದೃಷ್ಟವಿತ್ತು. ಖಾರವನ್ನು ಗುರುತಿಸುವ ನರದ ಗ್ರಾಹಕ ಹಕ್ಕಿಗಳಲ್ಲಿ ಬೇರೆ ಬಗೆಯದು, ಅವಕ್ಕೆ ಖಾರ ತಟ್ಟುವುದೇ ಇಲ್ಲ ಎಂಬುದು 2002ರಲ್ಲಿ ಕೋಳಿಯ ಮೇಲಿನ ಅಧ್ಯಯನದಿಂದ ಖಚಿತವಾಯಿತು. ಹಾಲಿನ ವಿಷಯದಲ್ಲಿ ಆ ಅದೃಷ್ಟವಿಲ್ಲ. ಹಕ್ಕಿಗಳು ಮರಿಗೆ ಮೊಲೆಯೂಡುವ ಜೀವಿಗಳಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಅವುಗಳ ಕರುಳಿನಲ್ಲಿಲ್ಲ. ತುಸು ಹಾಲು ಹೇಗೋ ಸಾಗುತ್ತದೆ, ಹೆಚ್ಚಾದರೆ ಭೇದಿ. ನಾವು ಪರಮ ಪವಿತ್ರವೆಂದು ಕೊಡುತ್ತ ಬಂದ ಹಾಲು ಅನ್ನವೇ ಗಿಳಿಗೆ ಒಗ್ಗದ ಊಟ.

ಇನ್ನು ಕೋಳಿಯ ಚರಿತ್ರೆ. ಹಿಂದೆ ಕೋಳಿ ಕುಯ್ಯುವುದು ಹಬ್ಬಕ್ಕೆ, ಹರಕೆಗೆ, ಅಳಿಯ ಬಂದಾಗ. ವರ್ಷಗಟ್ಟಲೆ ಹಿತ್ತಿಲಲ್ಲಿ ಕೆದಕಿ ಬೆಳೆದ ನಾಟಿ ಹುಂಜದ ಮೂಳೆ ಗಟ್ಟಿ, ಬೇಯಿಸುವುದಕ್ಕೆ ಹೊತ್ತು ಬೇಕು, ಮತ್ತು ತಿನ್ನುವವರು ಬಹಳ ಜನ. ಗಿಳಿಯವರೆಗೆ ಬರುವ ಮಾತೇ ಇರಲಿಲ್ಲ. 1970ರ ದಶಕದಿಂದೀಚೆಗೆ ಸಾಕಣೆ ಉದ್ಯಮವಾಗಿ ಬೆಳೆದು, ನಮ್ಮವರು ಬಾಯ್ಲರ್ ಕೋಳಿ ಎಂದು ಕರೆಯುವ ಬ್ರಾಯ್ಲರ್ ಬಂತು. ಸುಮಾರು ಆರು ವಾರಕ್ಕೆ ಎರಡು ಕಿಲೋ ತೂಗುವ ಎಳೆಯ ಹಕ್ಕಿ ಅದು. ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಕುಕ್ಕರಿನಲ್ಲಿ ನಾಲ್ಕು ವಿಸಿಲ್ ಕೂಗಿದರೆ ತುದಿಗಳು ಕೈಯಲ್ಲೇ ಪುಡಿಯಾಗುತ್ತವೆ. ಭಾನುವಾರದ ಊಟ ಮುಗಿದ ತಟ್ಟೆಯಲ್ಲಿ ಮೂಳೆ ಮಿಗುವ ಕಾಲ ಆಗ ಬಂತು. ಗಿಳಿಗೆ ಮೂಳೆ ಎಂಬ ಪ್ರಶ್ನೆ ಹುಟ್ಟಿದ್ದೇ ಹೀಗೆ. ಮೆಣಸಿನಕಾಯಿ, ಸೀಬೆ, ಸೂರ್ಯಕಾಂತಿ ಬಂದ ದಾರಿಯಲ್ಲೇ ಇದೂ ಬಂದಿದೆ. ಅವಕ್ಕೆ ಯಾರೂ ಅಡ್ಡಿ ಹೇಳಲಿಲ್ಲ, ಇದಕ್ಕೆ ಮಾತ್ರ ಹೇಳುತ್ತಾರೆ.

ಆದರೆ ಆ ಹೊತ್ತಿಗೆ ಪಂಜರದಲ್ಲಿದ್ದ ಹಕ್ಕಿಯೇ ಬದಲಾಗಿತ್ತು. ಇದನ್ನು ಹೇಳದೆ ಮುಂದೆ ಹೋದರೆ ಓದುಗರನ್ನು ತಪ್ಪುದಾರಿಗೆ ಎಳೆದಂತೆ. ತೆಂಗು, ಅಡಿಕೆ ತೋಟಗಳ ನಡುವಿನ ಒಣಮರದ ಪೊಟರೆಯಿಂದ ಮರಿ ತೆಗೆದು ಸಾಕುವುದು, ಜಾತ್ರೆ ಬೀದಿಯಲ್ಲಿ ರೆಕ್ಕೆ ಕತ್ತರಿಸಿದ ಗಿಳಿಯಿಂದ ಚೀಟಿ ಎತ್ತಿಸಿ, ಎತ್ತಿದ್ದಕ್ಕೆ ಒಂದು ಕಾಳು ಕೊಟ್ಟು ಭವಿಷ್ಯ ಹೇಳುವುದು ಒಂದು ಕಾಲಕ್ಕೆ ಯಾರ ಕಣ್ಣಿಗೂ ತಪ್ಪಾಗಿ ಕಾಣುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಗಿಯಾಗುತ್ತ ಹೋಗಿ, 1990–91ರ ಹೊತ್ತಿಗೆ ದೇಶೀ ಹಕ್ಕಿಗಳ ವ್ಯಾಪಾರಕ್ಕೆ ನಿಷೇಧ ಬಿತ್ತು. 2022ರ ತಿದ್ದುಪಡಿಯ ನಂತರ ನಮ್ಮ ಸಾಮಾನ್ಯ ಹಸಿರು ಗಿಳಿ ಎರಡನೇ ಅನುಸೂಚಿಯಲ್ಲಿದೆ. ಹಿಡಿದರೆ, ಮಾರಿದರೆ, ಪಂಜರದಲ್ಲಿಟ್ಟರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಬೀಳಬಹುದು. ಆದ್ದರಿಂದ ಗಿಣಿರಾಮನಿಗೆ ಏನು ತಿನ್ನಿಸಲಿ ಎಂಬುದಕ್ಕೆ ಇಂದು ಕಾನೂನಿನ ಉತ್ತರ ಒಂದೇ: ಅವನನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಉಳಿದಿರುವುದು ಆಫ್ರಿಕದ ಬೂದು ಗಿಳಿ, ಮಕಾವ್, ಕಾಕಟೂ, ಕಾಕಟೀಲ್, ಲವ್ ಬರ್ಡ್ಸ್ ಮೊದಲಾದ ವಿದೇಶೀ ಹಕ್ಕಿಗಳು. ಅವುಗಳಲ್ಲೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವವನ್ನು ಸಾಕುವವರು 2024ರ ನಿಯಮಗಳ ಪ್ರಕಾರ ನೋಂದಣಿ ಮಾಡಿಸಬೇಕು. ಹಕ್ಕಿ ಹೊರಗಿನದಾದರೂ ಮಡಿ ಮಾತ್ರ ಹಳೆಯದೇ ಮುಂದುವರಿದಿದೆ. ಕಾಂಗೋ ಕಾಡಿನ ಗಿಳಿಗೂ ನಮ್ಮಲ್ಲಿ ಹಾಲು ಅನ್ನವೇ!

ಈಗ ಗಿಳಿಗೆ ಮೂಳೆ ಕೊಡಬಾರದು ಎನ್ನುವವರ ಆಕ್ಷೇಪಗಳಿಗೆ ಬರೋಣ. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತದೆ, ಗಂಟಲು ಕರುಳು ಹರಿಯುತ್ತದೆ ಎಂಬುದು ಮೊದಲನೆಯದು, ಗಟ್ಟಿಯಾದದ್ದೂ ಹೌದು. ನಾಯಿಯ ಮಟ್ಟಿಗೆ ಇದು ಪೂರ್ತಿ ನಿಜ. ನಾಯಿ ಎರಡು ಕಡಿತಕ್ಕೆ ಮುರಿದು ನುಂಗುವ ಪ್ರಾಣಿ. ದೊಡ್ಡ ಗಿಳಿಯೊಂದು ಮೂಳೆ ತಿನ್ನುವುದನ್ನು ಹತ್ತಿರದಿಂದ ಗಮನಿಸಿದರೆ ಬೇರೆಯದೇ ಕ್ರಮ ಕಾಣುತ್ತದೆ. ಎರಡು ಬೆರಳು ಮುಂದೆ, ಎರಡು ಹಿಂದೆ ಇರುವ ಪಾದದಲ್ಲಿ ಮೂಳೆಯನ್ನು ಹಿಡಿದೆತ್ತುತ್ತದೆ. ಹಲವು ಜಾತಿಗಳಲ್ಲಿ ಎಡಗಾಲೇ ಮುಂದು. ತುದಿಯ ಮೆದುಮೂಳೆಯನ್ನು ಮೊದಲು ಕೆರೆದು ತೆಗೆಯುತ್ತದೆ. ಮೇಲ್ಕೊಕ್ಕೂ ಅಲುಗಾಡುವುದರಿಂದ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದಂತೆ ಸ್ವಲ್ಪ ಸ್ವಲ್ಪವೇ ಒತ್ತಿ ಮೂಳೆಯನ್ನು ಒಡೆಯುತ್ತದೆ, ಒಡೆದ ಸಿಪ್ಪೆಯನ್ನು ಕೆಳಗೆ ಬೀಳಿಸುತ್ತದೆ, ದಪ್ಪ ನಾಲಗೆಯ ತುದಿಯಿಂದ ಒಳಗಿನ ಮಜ್ಜೆಯನ್ನು ಮಾತ್ರ ಎಳೆದುಕೊಳ್ಳುತ್ತದೆ. ಬಾದಾಮಿಯ ಸಿಪ್ಪೆ ಉಗುಳಿ ಬೀಜ ತಿನ್ನುವ ಬುದ್ಧಿಯೇ ಇಲ್ಲೂ ಕೆಲಸ ಮಾಡುತ್ತದೆ. ಅಪಾಯ ಸೊನ್ನೆ ಎಂದು ಇದರರ್ಥವಲ್ಲ. ಕಾಲಿನ ದಪ್ಪ ಮೂಳೆಯ ಗುಂಡು ತುದಿ ಬೇರೆ, ಪಕ್ಕೆಯ ಸೂಜಿಯಂಥ ಎಲುಬು ಬೇರೆ. ಎರಡನೆಯದನ್ನು ಕೊಡುವುದು ಮೂರ್ಖತನ. ಲವ್ ಬರ್ಡ್ಸ್, ಕಾಕಟೀಲ್‌ಗಳ ಕೊಕ್ಕಿಗೆ ಯಾವ ಮೂಳೆಯೂ ಬೇಡ, ಎಳೆಯಾಗಿ ಬಿಡಿಸಿದ ಮಾಂಸದ ಒಂದು ಚಿಟಿಕೆ ಸಾಕು. ಯಾವ ಹಕ್ಕಿಗೆ ಕೊಟ್ಟರೂ ಕಣ್ಣೆದುರಿಗೇ ಕೊಡಬೇಕು.

ಕಾಡಿನ ಗಿಳಿ ಮಾಂಸ ತಿನ್ನುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಬೀಜ, ಹಣ್ಣು, ಮೊಗ್ಗು, ಮುತ್ತುಗ ಬೂರುಗಗಳ ಹೂವಿನ ರಸವೇ ಅದರ ಮುಖ್ಯ ಆಹಾರ, ಹುಳು ಅಪರೂಪಕ್ಕೆ. ಇದನ್ನು ಒಪ್ಪಿಯೇ ಮಾತಾಡಬೇಕು. ಆದರೆ ಗಿಳಿಕುಲಕ್ಕೆ ಮಾಂಸವೇ ವರ್ಜ್ಯ ಎಂಬುದು ಕಥೆ. ನ್ಯೂಜಿಲೆಂಡಿನ ಕಿಯಾ ಗಿಳಿ ಬದುಕಿರುವ ಕುರಿಯ ಬೆನ್ನು ಕುಕ್ಕಿ ಕೊಬ್ಬು ತಿನ್ನುತ್ತದೆಂದು ಅಲ್ಲಿನ ಕುರಿಗಾರರು ಸಿಟ್ಟಾದರು. 19ನೇ ಶತಮಾನದಿಂದ 1971ರವರೆಗೆ ಅದರ ತಲೆಗೆ ಬಹುಮಾನವಿತ್ತು, ಲಕ್ಷಕ್ಕೂ ಮಿಕ್ಕಿ ಹಕ್ಕಿಗಳು ಸತ್ತವು. ನಮ್ಮಲ್ಲಿ ಮಗಳನ್ನು ಕೆಟ್ಟ ಮನೆಗೆ ಕೊಟ್ಟರೆ ಗಿಣಿಯಂತೆ ಸಾಕಿ ಗಿಡುಗನ ಬಾಯಿಗೆ ಕೊಟ್ಟರು ಎನ್ನುತ್ತಾರೆ. 2008ರಿಂದೀಚಿನ ವಂಶವಾಹಿ ಅಧ್ಯಯನಗಳು ಗಿಳಿಗೆ ಹತ್ತಿರದ ಬಳಗದಲ್ಲಿ ಡೇಗೆಯ ಕುಲವನ್ನೂ ಸೇರಿಸಿವೆ. ಗಾದೆ ಕಟ್ಟಿದವರು ನೆಂಟರನ್ನೇ ಎದುರುಬದುರು ನಿಲ್ಲಿಸಿದ್ದರು! ಪಂಜರದ ಹಕ್ಕಿಯ ನಿಜವಾದ ಕಾಯಿಲೆಗಳು ಬರುವುದು ಬರೀ ಕಾಳು ತಿಂದು. ಸೂರ್ಯಕಾಂತಿಯಲ್ಲಿ ಕೊಬ್ಬು ಹೇರಳ, ಎ ಜೀವಸತ್ವವೂ ಸುಣ್ಣದಂಶವೂ ಕಡಿಮೆ. ಬೂದು ಗಿಳಿಗಳು ಸುಣ್ಣದಂಶ ಇಳಿದು ನಡುಕ ಬಂದು ಬೀಳುವುದು ಪಶುವೈದ್ಯರಿಗೆ ಗೊತ್ತಿರುವ ಸಂಗತಿ. ಮೂಳೆಯಲ್ಲಿ ಆ ಅಂಶವಿದೆ, ಮಾಂಸದಲ್ಲಿ ಕಾಳುಗಳಲ್ಲಿ ಕಡಿಮೆ ಇರುವ ಸಾರಜನಕದ ಅಂಶಗಳಿವೆ. ಹಾಗೆಂದು ದಿನವೂ ಕೊಟ್ಟರೆ ಕೊಬ್ಬು ಏರಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ಅದೂ ಸಾಕುಗಿಳಿಗಳನ್ನು ಕೊಲ್ಲುವ ರೋಗವೇ. ವಾರಕ್ಕೊಮ್ಮೆ ಒಂದು ತುಣುಕು ಎಂಬುದು ಮಿತಿ. ಸೊಪ್ಪು, ತರಕಾರಿ, ಹಣ್ಣುಗಳ ಜಾಗವನ್ನು ಅದು ಕಸಿಯಬಾರದು.

ಹಕ್ಕಿಗೆ ಹಕ್ಕಿಯನ್ನೇ ತಿನ್ನಿಸುವುದೇ ಎಂಬ ಅಸಹ್ಯ ಮೂರನೆಯದು. ಕೋಳಿಗೂ ಗಿಳಿಗೂ ರೆಕ್ಕೆ ಇದೆ ಎಂಬುದನ್ನು ಬಿಟ್ಟರೆ ನಂಟು ತೀರಾ ದೂರದ್ದು. ಮೇಕೆಯ ಮಾಂಸ ತಿನ್ನುವ ಮನುಷ್ಯ ತಾನೂ ಮೊಲೆಯುಣ್ಣುವ ಪ್ರಾಣಿಯೇ ಎಂದು ಕೈತೊಳೆದು ಏಳುವುದಿಲ್ಲ. ರೋಗದ ಭಯ ಮಾತ್ರ ಹಾಗೆ ತಳ್ಳಿಹಾಕುವಂಥದ್ದಲ್ಲ. ಹಕ್ಕಿಜ್ವರವೂ ಸಾಲ್ಮೊನೆಲ್ಲಾವೂ ಕೋಳಿಯಿಂದ ಗಿಳಿಗೆ ದಾಟಬಲ್ಲವು. ಹಸಿ ಮಾಂಸ ಕೂಡದು ಎನ್ನುವುದು ಇದಕ್ಕೇ. ಒಳಗಿನವರೆಗೂ 70 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದ ಮಾಂಸದಲ್ಲಿ ಹಕ್ಕಿಜ್ವರದ ವೈರಾಣು ಉಳಿಯುವುದಿಲ್ಲ. ಬೆಂದದ್ದನ್ನೂ ಪಂಜರದಲ್ಲಿ ಬಿಟ್ಟು ಮರೆತರೆ, ತುಮಕೂರಿನ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಗಂಟೆಯೊಳಗೆ ತೆಗೆದು ಬಟ್ಟಲು ತೊಳೆಯಬೇಕು.

ಇಷ್ಟೆಲ್ಲ ಆದ ಮೇಲೂ ನಮ್ಮ ಮನೆಗಳಲ್ಲಿ ನಿಜವಾದ ತೊಡಕು ಕೋಳಿಯದಲ್ಲ, ಸಾರಿನದು. ಆಕ್ಷೇಪ ಎತ್ತುವವರು ಇದನ್ನು ಹೇಳುವುದೇ ಅಪರೂಪ. ಕುಣಿಗಲ್ ಕಡೆಯ ಕೋಳಿಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ ಲವಂಗ, ಕೊತ್ತಂಬರಿ, ಕಾಯಿ, ಗಸಗಸೆ ಎಲ್ಲ ಅರೆದು ಬೀಳುತ್ತವೆ. ಖಾರ ಗಿಳಿಗೆ ಏನೂ ಮಾಡುವುದಿಲ್ಲ; ಈರುಳ್ಳಿ, ಬೆಳ್ಳುಳ್ಳಿ ಹಕ್ಕಿಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಮುನ್ನೂರು ನಾನೂರು ಗ್ರಾಂ ತೂಗುವ ಮೈಗೆ ನಮ್ಮ ನಾಲಗೆಯ ಉಪ್ಪು ವಿಷದ ಸಮ. ಸಾರಿನಲ್ಲಿ ಕುದಿದ ಮೂಳೆಯ ಮಜ್ಜೆಯೊಳಕ್ಕೂ ಅದೆಲ್ಲ ಇಳಿದಿರುತ್ತದೆ, ಮೇಲೆ ತೊಳೆದರೆ ಹೋಗುವುದಿಲ್ಲ. ಊಟ ಮುಗಿದ ತಟ್ಟೆಯಿಂದ ಎತ್ತಿ ಕೊಡುವ ಮೂಳೆ ಬೇಡ ಎನ್ನುವುದು ಇದಕ್ಕಾಗಿ, ಎಂಜಲಾಯಿತೆಂದಲ್ಲ. ಆದರೂ ಮನುಷ್ಯರ ಬಾಯಿಯ ರೋಗಾಣುಗಳು ಗಿಳಿಗೆ ಆಗಿಬರುವುದಿಲ್ಲವಾದ್ದರಿಂದ ಎಂಜಲಿನ ಹಳೆಯ ಕಟ್ಟಳೆ ಇಲ್ಲಿ ಹೇಗೋ ಉಪಯೋಗಕ್ಕೆ ಬಂದಿದೆ. ಕೊಡುವುದಾದರೆ ಮಸಾಲೆ ಹಾಕುವ ಮುನ್ನವೇ ಒಂದು ಕಾಲಿನ ತುಂಡನ್ನು ಬೇರೆ ತೆಗೆದು, ಬರೀ ನೀರಿನಲ್ಲಿ ಬೇಯಿಸಿ, ಚರ್ಮ ಸುಲಿದು, ಆರಿಸಿ ಕೊಡಬೇಕು.